ಜಾಲರಿ ಗೇಟಿನ ಹೋಟೆಲು

ಫೋಟೋ ನೋಡಿ ಹೋಟೆಲು ಗೊತ್ತುಮಾಡುವವರನ್ನು ಕಂಡರೆ ಹಲೋ ಅಕ್ಕನಿಗೆ ನಗು ಬರುತ್ತಿತ್ತು. ಕಲ್ಲಂಗಡಿ ಕೊಳ್ಳುವವರು ಕೂಡ ಒಂದು ಸಲ ತಟ್ಟಿ, ಸದ್ದು ಕೇಳಿ, ಆಮೇಲೆ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಅಂಥದ್ದರಲ್ಲಿ ಕಣ್ಣು ಮುಚ್ಚಿ ಮಲಗಬೇಕಾದ ಜಾಗವನ್ನು ಬರೀ ಕಣ್ಣಿನಿಂದ ನೋಡಿ ಒಪ್ಪಿಕೊಳ್ಳುವುದು ಯಾವ ಸೀಮೆ ಜಾಣತನ ಎಂಬುದು ಅವಳ ವಾದ. ಈ ವಾದಕ್ಕೆ ಮನೆಯಲ್ಲಿ ಯಾರೂ ಎದುರಾಡುತ್ತಿರಲಿಲ್ಲ, ಎದುರಾಡಿ ಗೆದ್ದವರೂ ಇರಲಿಲ್ಲ.

ಅವಳು ಊರಿನ ದೊಡ್ಡಾಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್. ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತರೆ ಇಡೀ ಆಸ್ಪತ್ರೆ ಅವಳ ಕಿವಿಯೊಳಗೆ ಓಡಾಡುತ್ತಿತ್ತು. ಕರೆ ಮಾಡಿದವರು ಬಾಯಿ ಬಿಡುವ ಮೊದಲೇ ಅವರು ರಸ್ತೆಯಲ್ಲಿದ್ದಾರೋ ಅಡುಗೆಮನೆಯಲ್ಲಿದ್ದಾರೋ, ಪಕ್ಕದಲ್ಲಿ ಅಳುವವರು ಇದ್ದಾರೋ ಎಂದು ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಒಮ್ಮೆ ವಾರ್ಡ್‌ಬಾಯ್ ಒಬ್ಬ "ವಿಪರೀತ ಜ್ವರ ಅಕ್ಕ, ಇವತ್ತು ಬರಕ್ಕಾಗಲ್ಲ" ಎಂದು ನರಳುತ್ತ ಫೋನ್ ಮಾಡಿದ್ದ. ಅವನು ನಿಂತಿದ್ದು ಸಿನಿಮಾ ಟಾಕೀಸಿನ ಮುಂದೆ. "ಇಂಟರ್‌ವಲ್‌ನಲ್ಲಿ ಮರೀದೆ ಮಾತ್ರೆ ತಗೋ" ಎಂದು ಅವಳು ಲೈನು ಇಟ್ಟದ್ದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಇವತ್ತಿಗೂ ಓಡುವ ಕಥೆ. ದೊಡ್ಡ ಡಾಕ್ಟರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಅವಳು ಹಲೋ ಅಕ್ಕ.

ಗಂಡ ಲಿಫ್ಟ್ ಮೆಕ್ಯಾನಿಕ್. ಕೆಲಸ ಬಿಟ್ಟು ಒಂದೆರಡು ವರ್ಷವಾಗಿದ್ದರೂ ಜನರ ಬಾಯಲ್ಲಿ ಇನ್ನೂ ಮೇಸ್ತ್ರಿಯೇ. ಲಿಫ್ಟು ಓಡಾಡುವ ಬಾವಿಯಂಥ ಗುಂಡಿಯಲ್ಲಿ ನಿಂತು ಕೂಗಿದರೆ ಮಾತು ಗೋಡೆಗೆ ಬಡಿದು ಕಲಸಿಹೋಗಿ ಮೇಲಿದ್ದವನಿಗೆ ಏನೂ ತಿಳಿಯುವುದಿಲ್ಲ. ಅದಕ್ಕೇ ಮೊದಲು ಸ್ಪ್ಯಾನರಿನಿಂದ ಕಬ್ಬಿಣದ ಕಂಬಿಗೆ ಎರಡು ಏಟು ಹಾಕಬೇಕು. ನಾನಿಲ್ಲಿದ್ದೀನಿ, ಈಗ ಮಾತಾಡ್ತೀನಿ, ಕಿವಿಗೊಡು ಅಂತ ಅದರ ಅರ್ಥ. ಈ ಅಭ್ಯಾಸ ಮೇಸ್ತ್ರಿಯ ಜೊತೆ ಮನೆಗೂ ಬಂದಿತ್ತು. ಬಾಗಿಲ ಚೌಕಟ್ಟಿಗೆ ಬೆರಳಿನ ಉಂಗುರದಿಂದ ಟಕ್, ಟಕ್ ಎಂದು ಬಡಿದು, ಆಮೇಲೆ, "ಇವಳೇ, ಎಲ್ಲಿದೀಯೆ?" ಎನ್ನುತ್ತಿದ್ದ. ಹೆಂಡತಿಯನ್ನು ಅವನು ಹೆಸರು ಹಿಡಿದು ಕರೆದವನಲ್ಲ. ಕನ್ನಡಕ ಎಲ್ಲಿ, ಸಕ್ಕರೆ ಡಬ್ಬಿ ಎಲ್ಲಿ, ಚಪ್ಪಲಿ ಎಲ್ಲಿ, ಎಲ್ಲಕ್ಕೂ ಒಂದೇ ಕರೆ. ಕನ್ನಡಕ ತಲೆಯ ಮೇಲೆ, ಚಪ್ಪಲಿ ಕಾಲಿನಲ್ಲಿ ಇರುತ್ತಿದ್ದದ್ದೂ ಉಂಟು. "ಬಂದೆ ರೀ" ಎಂದು ಅವಳು ಕೈಯಲ್ಲಿದ್ದದ್ದನ್ನು ಬಿಟ್ಟು ಬರುತ್ತಿದ್ದಳು. ಎರಡನೇ ಸಲ ಕರೆಯುವುದಕ್ಕೆ ಅವನಿಗೆ ಎಡೆ ಸಿಗುತ್ತಿರಲಿಲ್ಲ.

ಮಹಾನಗರಕ್ಕೆ ಹೋಗಿ ನಾಲ್ಕು ದಿನ ಹಾಯಾಗಿ ಇದ್ದು ಬರಬೇಕು ಎಂದು ಮದುವೆಯಾದ ಹೊಸದರಲ್ಲೇ ಮಾತಾಗಿತ್ತು. ಮೊದಲು ಮಗಳು ಹುಟ್ಟಿದಳು, ಆಮೇಲೆ ಅವಳ ಓದು, ಆಮೇಲೆ ಮನೆಯ ಸೂರು ಸೋರಿತು, ಆಮೇಲೆ ಮಗಳ ಮದುವೆ. ನಾಳೆ ಎಂದವನ ಮನೆ ಹಾಳು ಅನ್ನುತ್ತಾರಲ್ಲ, ಹಾಗೆ ಆ ಪ್ರವಾಸ ಹಾಳಾಗುತ್ತಲೇ ಬಂದಿತ್ತು. ಈ ಸಲ ಮಗಳೇ ಹಟ ಹಿಡಿದಳು. ಅವಳು ಪಕ್ಕದ ಬೀದಿಯಲ್ಲೇ ಇದ್ದಳು, ಬ್ಯಾಂಕಿನಲ್ಲಿ ಕೆಲಸ. ಒಂದು ಭಾನುವಾರ ಬೆಳಿಗ್ಗೆ ಬಂದು ಮೊಬೈಲಿನಲ್ಲಿ ಹೋಟೆಲುಗಳನ್ನು ಒಂದೊಂದಾಗಿ ತೋರಿಸತೊಡಗಿದಳು. ಬಿಳೀ ಹಾಸಿಗೆ, ಹಾಸಿಗೆಯ ಮೇಲೆ ಮಡಿಸಿಟ್ಟ ಟವೆಲು, ಕಿಟಕಿಯಾಚೆ ದೀಪಗಳು. ಎಲ್ಲವೂ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತಿದ್ದವು.

"ನಿಲ್ಲಿಸು ನಿಲ್ಲಿಸು, ಇದು," ಎಂದು ಮೇಸ್ತ್ರಿ ಮೊಬೈಲನ್ನು ಕಿತ್ತುಕೊಳ್ಳುವುದೊಂದು ಬಾಕಿ. ಅದೊಂದು ಹಳೇ ಹೋಟೆಲು. ಹೆಬ್ಬಾಗಿಲ ಎದುರಿಗೇ ಲಿಫ್ಟು. ಅದಕ್ಕೆ ಬಾಗಿಲಿರಲಿಲ್ಲ, ಕೈಯಿಂದ ಎಳೆದು ಮಡಿಸುವ ಕಬ್ಬಿಣದ ಜಾಲರಿ ಗೇಟು ಇತ್ತು. "ನಮ್ಮ ಗುರುಗಳು ಕೂರಿಸಿದ ಲಿಫ್ಟು ಕಣೇ ಇದು. ನಾನಿನ್ನೂ ಕೆಲಸಕ್ಕೇ ಸೇರಿರಲಿಲ್ಲ ಆಗ. ಇನ್ನೂ ಓಡ್ತಿದೆ ನೋಡು."

"ಅಪ್ಪ, ರಜಾಕ್ಕೆ ಹೋಗೋದು ರೂಮಲ್ಲಿ ಇರಕ್ಕೆ, ಲಿಫ್ಟಲ್ಲಿ ಅಲ್ಲ," ಎಂದಳು ಮಗಳು.

"ನಿನಗೇನು ಗೊತ್ತು. ಇಷ್ಟು ವರ್ಷ ಲಿಫ್ಟಿನ ಹೊಟ್ಟೆ ಒಳಗೇ ಬದುಕಿದೀನಿ. ಗ್ರೀಸು ಬಳ್ಕೊಂಡು ತಲೆ ಮೇಲೆ ಹತ್ತಿದೀನಿ, ಕೆಳಗೆ ಇಳಿದಿದೀನಿ. ಒಂದು ದಿನಾನೂ ಅತಿಥಿ ಥರ ಇಸ್ತ್ರಿ ಬಟ್ಟೆ ಹಾಕ್ಕೊಂಡು ನಿಂತಿಲ್ಲ. ಒಂದ್ಸಲ ನಿಮ್ಮಮ್ಮನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡು, ಬೇರೆ ಯಾರೋ ಗೇಟು ಎಳೀಬೇಕು, ನಾವು ಮೇಲೆ ಹೋಗಬೇಕು. ಅಷ್ಟೇ ನನ್ನ ಆಸೆ."

ಹಲೋ ಅಕ್ಕ ಮೇಲುನೋಟಕ್ಕೆ ನಕ್ಕಳು. ಅವನು ತನಗಾಗಿ ಬಾಯಿಬಿಟ್ಟು ಏನನ್ನಾದರೂ ಕೇಳಿದ್ದನ್ನು ಅವಳು ಹೆಚ್ಚು ನೋಡಿರಲಿಲ್ಲ. "ಆಯ್ತು, ಕಿವಿಗೆ ಒಪ್ಪಿದ್ರೆ ಅದೇ," ಎಂದು ಫೋನು ಎತ್ತಿಕೊಂಡಳು. ಮೇಸ್ತ್ರಿ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಉಗುರು ಕತ್ತರಿಸಲು ಕುಳಿತ. ಮಗಳು ಚಹಾ ಮಾಡಲು ಒಳಗೆ ಹೋದಳು.

ಹಲೋ ಅಕ್ಕನ ಕ್ರಮ ಹೀಗೆ. ಬಿಸಿನೀರು ಯಾವಾಗ ಬರುತ್ತೆ, ಎಲ್ಲಿಂದ ಬರುತ್ತೆ, ಹೇಗೆ ಬರುತ್ತೆ ಎಂದು ಒಂದು ಉದ್ದನೆಯ ಪ್ರಶ್ನೆ ಕೇಳುವುದು. ಆ ಕಡೆಯವರು ಉತ್ತರಿಸುವಾಗ ಉತ್ತರವನ್ನು ಬಿಟ್ಟು ಅದರ ಹಿಂದಿನ ಸದ್ದು ಕೇಳುವುದು. ಮೊದಲ ಹೋಟೆಲಿನಲ್ಲಿ ಪಾತ್ರೆ ಬೀಳುತ್ತಿದ್ದವು, ಅಂದರೆ ಅಡುಗೆಮನೆ ತಲೆಯ ಮೇಲೇ ಇದೆ. ಎರಡನೆಯದರಲ್ಲಿ ಯಾರೋ ಯಾರನ್ನೋ ತಗ್ಗಿದ ದನಿಯಲ್ಲಿ ಬೈಯುತ್ತಿದ್ದರು. ಅಂಥ ಕಡೆ ಹಾಸಿಗೆಯ ಬಟ್ಟೆ ಒಗೆಯುವವರಿಗೂ ಮನಸ್ಸಿರುವುದಿಲ್ಲ. ಆಮೇಲೆ ಜಾಲರಿ ಗೇಟಿನ ಹೋಟೆಲಿಗೆ ಮಾಡಿದಳು.

ಎತ್ತಿದವಳು ಎಳೆಯ ದನಿಯ ಹುಡುಗಿ. ಅವಳ ಹಿಂದೆ ಮರದ ನೆಲ ಇತ್ತು, ಎತ್ತರದ ಸೂರು ಇತ್ತು, ದೂರದಲ್ಲೆಲ್ಲೋ ಗೋಡೆ ಗಡಿಯಾರ ಇತ್ತು. ಗೇಟು ಮಡಿಸಿಕೊಂಡು ಸರಿದ ಸದ್ದು ಕೇಳಿಸಿತು, ಎಣ್ಣೆ ಕಂಡ ಕಬ್ಬಿಣದ ಮೆತ್ತನೆ ಸದ್ದು. ಹಲೋ ಅಕ್ಕನ ಮುಖ ಅರಳಿತು. ಗಂಡನ ಕಡೆ ತಿರುಗಿ ಹೆಬ್ಬೆರಳು ಎತ್ತಿ ತೋರಿಸಬೇಕು, ಅಷ್ಟರಲ್ಲಿ ಆ ಕಡೆ, ಹುಡುಗಿಯ ಬೆನ್ನ ಹಿಂದೆ, ಕಬ್ಬಿಣದ ಮೇಲೆ ಎರಡು ಏಟು ಬಿತ್ತು. ಟಕ್, ಟಕ್.

"ಇವಳೇ, ಎಲ್ಲಿದೀಯೆ?"

ಹಲೋ ಅಕ್ಕ ಕಿಟಕಿಯ ಕಡೆ ನೋಡಿದಳು. ಮೇಸ್ತ್ರಿ ತುಟಿ ಬಿಗಿಹಿಡಿದು ಎಡಗಾಲಿನ ಹೆಬ್ಬೆರಳ ಉಗುರಿನ ಜೊತೆ ಗುದ್ದಾಡುತ್ತಿದ್ದ.

ಫೋನಿನಲ್ಲಿ ಇನ್ನೊಮ್ಮೆ ಏಟು ಬಿತ್ತು. "ಇವಳೇ." ಮತ್ತೆ ಏಟು. "ಇವಳೇ, ಎಲ್ಲಿ ಹೋದೆ?" ದನಿ ಅವನದೇ. ಎರಡನೇ ಅಕ್ಷರದ ಹತ್ತಿರ ಸ್ವಲ್ಪ ಒಡೆಯುವ, ಅವಳು ಸಾವಿರ ದನಿಗಳ ನಡುವೆ ಹೆಕ್ಕಿ ತೆಗೆಯಬಲ್ಲ ದನಿ.

"ಅಲ್ಲಿ ಯಾರಮ್ಮ ಕರೀತಿರೋದು?" ಎಂದು ಕೇಳಿದಳು.

"ಎಲ್ಲಿ ಮೇಡಂ? ಇಲ್ಲಿ ಯಾರೂ ಇಲ್ವಲ್ಲ. ಲಾಬಿ ಖಾಲಿ ಇದೆ," ಎಂದಳು ಹುಡುಗಿ.

ಹಲೋ ಅಕ್ಕ ಫೋನು ಇಟ್ಟಳು. ಮಗಳು ಚಹಾ ತಂದಾಗ ಅದೇ ನಂಬರಿಗೆ ಮತ್ತೆ ಮಾಡಿ ಮಗಳ ಕಿವಿಗೆ ಹಿಡಿದಳು. ಮಗಳು ಕೇಳಿ, ಚೆನ್ನಾಗಿ ಮಾತಾಡ್ತಾರೆ, ಬಿಸಿನೀರು ಇಡೀ ದಿನ ಇದೆಯಂತೆ ಎಂದಳು. ಫೋನನ್ನು ತನ್ನ ಕಿವಿಗೆ ತಂದುಕೊಂಡರೆ ಟಕ್, ಟಕ್, ಇವಳೇ. ಮಾರನೆಯ ದಿನ ಆಸ್ಪತ್ರೆಯ ಲೈನಿನಿಂದ ಮಾಡಿದಳು. ಮನೆಯ ಫೋನು ಕೆಟ್ಟಿರಲಿ ಎಂದು ಹಾರೈಸುತ್ತಲೇ ಮಾಡಿದಳು. ಅಲ್ಲೂ ಅದೇ. ಆ ಹೊತ್ತಿಗೆ ಮೇಸ್ತ್ರಿ ಮನೆಯಲ್ಲಿ ನಿದ್ದೆ ಮಾಡುತ್ತಿದ್ದ.

ಅವಳನ್ನು ಹೆದರಿಸಿದ್ದು ಅವನ ದನಿಯಲ್ಲ. ಅದರ ನಂತರದ ಖಾಲಿ. ಅವನು ಕರೆಯುತ್ತಿದ್ದ, ಮತ್ತೆ ಕರೆಯುತ್ತಿದ್ದ, "ಬಂದೆ ರೀ" ಎನ್ನುವವಳು ಅಲ್ಲಿರಲಿಲ್ಲ. ತಾನು ಬದುಕಿದ್ದು ಅವನು ಮೂರು ಸಲ ಕರೆಯುವುದುಂಟೇ? ಬರುವ ದಿನಗಳಲ್ಲಿ ನಡೆಯಬೇಕಾದದ್ದು ಯಾವುದೋ ಬಿರುಕಿನಿಂದ ಈಗಲೇ ತನ್ನ ಕಿವಿಗೆ ಬೀಳುತ್ತಿದೆ ಎಂದು ಅವಳು ತಿಳಿದುಕೊಂಡಳು. ತಾನು ಆ ಹೋಟೆಲಿನಲ್ಲೇ ಸಾಯುತ್ತೇನೆ. ಅವನು ಅಲ್ಲೇ, ಜಾಲರಿ ಗೇಟಿನ ಹತ್ತಿರ ನಿಂತು ತನ್ನನ್ನು ಹುಡುಕುತ್ತಾನೆ. ಸಾವಿಗೆ ಅವಳು ಅಷ್ಟಾಗಿ ಹೆದರಲಿಲ್ಲ, ಆಸ್ಪತ್ರೆಯ ಲೈನಿನಲ್ಲಿ ಅದು ದಿನಾ ಹಾದುಹೋಗುವ ಗಿರಾಕಿ. ಆದರೆ ಸಕ್ಕರೆ ಡಬ್ಬಿಯನ್ನು ಎದುರಿಗಿಟ್ಟುಕೊಂಡು ಸಕ್ಕರೆ ಎಲ್ಲಿ ಎಂದು ಕೇಳುವ ಮನುಷ್ಯ ಅಷ್ಟು ದೊಡ್ಡ ಊರಿನಲ್ಲಿ ಒಬ್ಬನೇ ಆಗುತ್ತಾನಲ್ಲ ಎಂದು ನೆನೆದರೆ ಅವಳಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಮಗಳು ಗುರುತಿಟ್ಟ ಬೇರೆ ಹೋಟೆಲುಗಳಿಗೆಲ್ಲ ಅವಳು ಫೋನು ಮಾಡಿದಳು. ಈಗ ಪಾತ್ರೆಯ ಸದ್ದೂ ಬೇಡ, ಜಗಳದ ಸದ್ದೂ ಬೇಡ, ಅವಳು ಹುಡುಕುತ್ತಿದ್ದದ್ದು ಒಂದೇ, ಆ ಕರೆ ಇರಬಾರದು. ಯಾವುದರಲ್ಲೂ ಇರಲಿಲ್ಲ. ಕೊನೆಗೆ ಒಂದು ಹೊಸ ಹೋಟೆಲು ಸಿಕ್ಕಿತು. ಗಾಜಿನ ಕಟ್ಟಡ, ಮೂಲೆಮೂಲೆಗೂ ಕಾರ್ಪೆಟ್ಟು. ಅಲ್ಲಿನವರು ಮಾತಾಡುವಾಗ ಅವರ ಹಿಂದೆ ಏನೂ ಇರಲಿಲ್ಲ. ಹತ್ತಿಯೊಳಗೆ ಮುಖ ಹುದುಗಿಸಿದಷ್ಟು ಮೌನ. ಅವಳಿಗೆ ಎಷ್ಟೋ ದಿನದ ಮೇಲೆ ಉಸಿರು ಸಲೀಸಾಗಿ ಆಡಿತು. ಇದೇ ಇರಲಿ ಎಂದು ಮಗಳಿಗೆ ಹೇಳಿದಳು.

"ಆ ಹಳೇ ಹೋಟೆಲ್ ಏನಾಯ್ತು?" ಎಂದು ಕೇಳಿದ ಮೇಸ್ತ್ರಿ.

"ರೂಮ್ ಖಾಲಿ ಇಲ್ಲವಂತೆ ರೀ."

"ಒಂದೂ ಇಲ್ಲವಂತಾ?"

"ಒಂದೂ ಇಲ್ಲವಂತೆ."

ಅವನು ಅವಳ ಮುಖವನ್ನು ತುಸು ಹೊತ್ತು ನೋಡಿದ. ಅವನ ಕಿವಿ ಅವಳಷ್ಟು ಚುರುಕಲ್ಲ, ಆದರೂ ಹಳೇ ಗಂಡ ಹೆಂಡತಿಯ ನಡುವೆ ಸುಳ್ಳಿಗೆ ಅಡಗಲು ಎಷ್ಟು ಜಾಗ ಇದ್ದೀತು? "ಹೋಗ್ಲಿ ಬಿಡು," ಎಂದ. "ಈ ಗಾಜಿನ ಹೋಟೆಲಿನ ಲಿಫ್ಟ್ ಹೇಗಂತೆ?"

"ಮಾತಾಡುತ್ತಂತೆ. ಯಾವ ಮಹಡಿ ಬಂತು ಅಂತ ಅದೇ ಹೇಳುತ್ತಂತೆ."

"ಮಾತಾಡೋದು ಮನೇಲೇ ಒಂದಿದೆಯಲ್ಲ. ಅದಕ್ಕೆ ಅಷ್ಟು ದೂರ ಹೋಗಬೇಕಾ," ಎಂದು ನಕ್ಕ. ಅವಳೂ ನಕ್ಕಳು. ಅವನು ಎದ್ದು ಹಿತ್ತಲಿಗೆ ಹೋಗಿ, ಒಣಗಿದ್ದ ಬಟ್ಟೆಗಳನ್ನು ಸುಮ್ಮನೆ ಒಂದೊಂದಾಗಿ ಮುಟ್ಟಿ ನೋಡುತ್ತ ಬಹಳ ಹೊತ್ತು ಅಲ್ಲೇ ನಿಂತಿದ್ದ. ಹೇಳಿಬಿಡಲೇ ಎಂದು ಅವಳಿಗೆ ಅನ್ನಿಸಿತು. ಏನೆಂದು ಹೇಳುವುದು? ನೀವು ನನ್ನನ್ನು ಹುಡುಕುವುದನ್ನು ಕೇಳಿದೆ ಎಂದೇ? ಅವಳು ಒಳಗೆ ಹೋಗಿ ಒಲೆ ಹಚ್ಚಿದಳು.

ಹೊರಡುವ ವಾರ ಬಂತು. ಅವನು ಹೊಸ ಅಂಗಿ ಹೊಲಿಸಿದ, ಹಳೇ ಬೂಟಿಗೆ ಪಾಲಿಶ್ ಹಾಕಿ ಹಾಕಿ ಅದರ ಚರ್ಮವನ್ನೇ ಸವೆಸಿದ. ಒಂದು ಮಧ್ಯಾಹ್ನ ಊಟ ಮಾಡಿ, ಸ್ವಲ್ಪ ಅಡ್ಡಾಗ್ತೀನಿ ಎಂದು ಕೋಣೆಗೆ ಹೋದ. ಹಲೋ ಅಕ್ಕ ರಜೆ ಹಾಕಿ ಮನೆಯಲ್ಲೇ ಇದ್ದಳು. ಪಕ್ಕದ ಕೋಣೆಯಲ್ಲಿ ಅವನ ಹೊಸ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಕಾಲರು, ತೋಳು, ಬೆನ್ನು, ಎಲ್ಲ ಮುಗಿಸಿ, ಮಡಿಸಿಟ್ಟು, ಚಹಾ ಮಾಡಿ ಒಯ್ದಳು. ಚಹಾ ಅಲ್ಲೇ ಆರಿತು. ನಿದ್ದೆಯಲ್ಲೇ ಗುಂಡಿಗೆ ನಿಂತಿದೆ, ನೋವಾಗಿರಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದರು. ಅವಳ ಆಸ್ಪತ್ರೆಯವರೇ, ಅವಳಿಗೆ ಸುಳ್ಳು ಹೇಳುವವರಲ್ಲ.

ಚಪ್ಪಲಿ ಹುಡುಕುವುದಕ್ಕೂ ತನ್ನನ್ನು ಕರೆಯುತ್ತಿದ್ದವನು ಹೋಗುವಾಗ ಕರೆಯಲೇ ಇಲ್ಲ. ಬಂದವರೆಲ್ಲ ಅವಳು ಅಳುತ್ತಿಲ್ಲ ಎಂದು ಪಿಸುಗುಟ್ಟಿಕೊಂಡರು. ಅವಳು ಬಾಗಿಲ ಚೌಕಟ್ಟಿನ ಕಡೆ ಕಿವಿಯಿಟ್ಟು ಕುಳಿತಿದ್ದಳು. ಒಂದು ಏಟು ಬಿದ್ದಿದ್ದರೂ ಸಾಕಿತ್ತು, ಎರಡು ಕೋಣೆಗೂ ನಡುವೆ ಇದ್ದದ್ದು ಒಂದೇ ಗೋಡೆ, ಓಡಿ ಬರುತ್ತಿದ್ದಳು.

ಎಲ್ಲ ಮುಗಿದು ಬಂದವರು ಹೊರಟುಹೋದ ಮೇಲೆ ಮಗಳು ಗಾಜಿನ ಹೋಟೆಲಿನ ರೂಮು ರದ್ದು ಮಾಡಿದಳು. ಅದನ್ನು ಅಮ್ಮನಿಗೆ ಹೇಳುವಾಗ ಅವಳ ದನಿ ಬಿದ್ದುಹೋಯಿತು. "ಅವರು ಏನೂ ಕೇಳಲಿಲ್ಲ ಅಮ್ಮ. ಸರಿ ಅಂದ್ರು, ಅಷ್ಟೇ."

ಆ ಮಾತು ಹಲೋ ಅಕ್ಕನೊಳಗೆ ಹೊಕ್ಕು ಕುಳಿತಿತು. ಅವಳು ಮತ್ತೆ ಕೆಲಸಕ್ಕೆ ಹೋದಳು. ಒಂದು ದಿನ ತುರ್ತು ಲೈನಿಗೆ ಒಬ್ಬ ತಾಯಿಯ ಕರೆ ಬಂತು. ಅವಳು ಕಿರುಚುತ್ತಿದ್ದಳು, ಅವಳ ಹಿಂದೆ ಮಗುವೊಂದು ಕಿರುಚುತ್ತಿತ್ತು. ಪಕ್ಕದಲ್ಲಿ ಕೆಲಸ ಕಲಿಯುತ್ತಿದ್ದ ಹೊಸ ಆಪರೇಟರು ಹಲೋ ಅಕ್ಕನ ತೋಳು ಹಿಡಿದುಕೊಂಡಳು. "ಹೆದರಬೇಡ, ಮಗು ಕಿರುಚ್ತಿದೆಯಲ್ಲ, ಅಂದ್ರೆ ಉಸಿರಾಡ್ತಿದೆ. ಸದ್ದು ನಿಂತಾಗ ಹೆದರು," ಎಂದು ಹಲೋ ಅಕ್ಕ ಹೇಳಿದಳು. ಲೈನನ್ನು ತುರ್ತು ವಾರ್ಡಿಗೆ ಕೊಟ್ಟವಳೇ ಹೆಡ್‌ಫೋನ್ ತೆಗೆದಿಟ್ಟು ಗೋಡೆ ನೋಡುತ್ತ ಕುಳಿತುಬಿಟ್ಟಳು.

ಜಾಲರಿ ಗೇಟಿನ ಹೋಟೆಲಿನಲ್ಲಿ ಅವನ ದನಿ ಇತ್ತು, ಎಂದರೆ ಅಲ್ಲಿ ಅವನು ಬದುಕಿರುತ್ತಿದ್ದ. ಉಳಿದ ಯಾವ ಹೋಟೆಲಿನಲ್ಲೂ ಅವನ ದನಿ ಇರಲಿಲ್ಲ, ಎಂದರೆ ಅಲ್ಲಿಗೆ ಅವನು ಬರುವವನೇ ಅಲ್ಲ. ಜೀವಮಾನವಿಡೀ ಸದ್ದನ್ನು ನಂಬಿ ಅನ್ನ ತಿಂದವಳು, ತನ್ನ ಮನೆಯ ವಿಷಯಕ್ಕೆ ಬಂದಾಗ ಮೌನವನ್ನು ಆರಿಸಿಕೊಂಡಳು. ಅವನು ಒಬ್ಬನೇ ಉಳಿಯಬಾರದು ಎಂದು ಮಾಡಿದ್ದು, ಉಳಿದದ್ದು ಅವಳು. ಹೋಟೆಲು ಆರಿಸಿದ್ದಕ್ಕೂ ಗುಂಡಿಗೆ ನಿಂತದ್ದಕ್ಕೂ ಎಲ್ಲಿಯ ಸಂಬಂಧ ಎಂದು ಯಾರಾದರೂ ಕೇಳಬಹುದು. ಅದಕ್ಕೇ ಅವಳು ಯಾರಿಗೂ, ಮಗಳಿಗೂ ಹೇಳಲಿಲ್ಲ. ಒಳಗೊಳಗೇ ಬೆಂದಳು.

ಆ ನಂಬರು ಅವಳ ಬೆರಳಿಗೆ ಕಂಠಪಾಠವಾಗಿತ್ತು. ಆದರೂ ಮಾಡಲು ಧೈರ್ಯ ಸಾಲದೆ ಬಹಳ ದಿನ ಕಳೆದಳು. ಅಲ್ಲೂ ಮೌನವಾಗಿದ್ದರೆ? ಕೊನೆಗೊಂದು ಮಧ್ಯಾಹ್ನ, ಮನೆಯಲ್ಲಿ ಒಬ್ಬಳೇ ಇದ್ದಾಗ, ಕಿಟಕಿಯ ಬಳಿಯ ಅವನ ಕುರ್ಚಿಯಲ್ಲಿ ಕೂತು ಕರೆ ಮಾಡಿದಳು. ಅದೇ ಹುಡುಗಿ ಎತ್ತಿದಳು. ಹಲೋ ಅಕ್ಕ ಬಿಸಿನೀರಿನ ಪ್ರಶ್ನೆ ಕೇಳಿದಳು. ಹುಡುಗಿ ಉತ್ತರ ಶುರುಮಾಡಿದಳು.

ಮರದ ನೆಲ. ಎತ್ತರದ ಸೂರು. ಗಡಿಯಾರ. ಬೇರೇನೂ ಇಲ್ಲ. ಹುಡುಗಿಯ ಉತ್ತರ ಮುಗಿಯುತ್ತ ಬಂತು. ಹಲೋ ಅಕ್ಕ ಫೋನನ್ನು ಕಿವಿಗೆ ನೋವಾಗುವಷ್ಟು ಒತ್ತಿಕೊಂಡಳು.

ಟಕ್, ಟಕ್.

"ಇವಳೇ, ಎಲ್ಲಿದೀಯೆ?"

ಮೊದಲ ಸಲ ಕೇಳಿದಾಗ ಇದರಲ್ಲಿ ಅವಳಿಗೆ ಕಂಡದ್ದು ಗಾಬರಿ. ಈಗ ಸರಿಯಾಗಿ ಕೇಳಿದರೆ ಇದು ಗಾಬರಿಯಲ್ಲ. ಮದುವೆಮನೆಗೆ ಹೊರಟು, ಬೂಟು ಹಾಕಿ, ಹೊಸ್ತಿಲಲ್ಲಿ ನಿಂತು, ಇವಳು ಇನ್ನೂ ಸೀರೆ ನೆರಿಗೆ ಸರಿಮಾಡುತ್ತಿದ್ದಾಳಲ್ಲ ಎಂದು ಕಾಯುವ ಗಂಡಸಿನ ದನಿ. ಸ್ವಲ್ಪ ಸಿಡುಕು, ಬಹಳಷ್ಟು ತಾಳ್ಮೆ. ಅವನು ಅವಳನ್ನು ಕಳೆದುಕೊಂಡು ಹುಡುಕುತ್ತಿರಲಿಲ್ಲ. ಮೊದಲೇ ಬಂದು ನಿಂತಿದ್ದ.

"ಬಂದೆ ರೀ," ಎಂದಳು ಹಲೋ ಅಕ್ಕ. ಇಷ್ಟು ದಿನ ಬಾರದಿದ್ದ ಅಳು ಆ ಎರಡು ಮಾತಿನ ಜೊತೆ ಬಂತು.

ಆ ಕಡೆ ಕರೆ ನಿಂತಿತು. ಗಡಿಯಾರ ಮಾತ್ರ ಉಳಿಯಿತು. "ಏನಂದ್ರಿ ಮೇಡಂ?" ಎಂದು ಕೇಳಿದಳು ಹುಡುಗಿ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಒಂದು ರೂಮು ಬೇಕಿತ್ತಮ್ಮ. ಎಲ್ಲಕ್ಕಿಂತ ಮೇಲಿನ ಮಹಡೀಲಿ ಕೊಡು. ಲಿಫ್ಟಲ್ಲಿ ಜಾಸ್ತಿ ಹೊತ್ತು ಹೋಗೋ ಹಾಗಿರಲಿ."

"ಆಯ್ತು ಮೇಡಂ. ಎಷ್ಟು ಜನ ಬರ್ತೀರಿ?"

"ಇಬ್ಬರು," ಎಂದಳು ಹಲೋ ಅಕ್ಕ. "ಒಬ್ಬರು ಆಗಲೇ ಬಂದಿದ್ದಾರೆ."